ಕರಡಿಮರಿಯ ಕಾರು

ನಾವು ವಿನೋದಶೀಲರೆಂದು ನಮ್ಮ ಬಂಧುವರ್ಗದಲ್ಲಿ ಒಂದು ಪ್ರತೀತಿಯುಂಟು. ಮದುವೆಮನೆಯ ಪಂಕ್ತಿಯಲ್ಲಿ ನಾವು ಕುಳಿತ ಕಡೆ ಅತ್ತ ನಾಲ್ಕು ಎಲೆ, ಇತ್ತ ನಾಲ್ಕು ಎಲೆಯವರೆಗೆ ನಗು ಹರಡುವುದೂ, ಬಡಿಸುವವರು ಅಲ್ಲಿ ಒಂದು ನಿಮಿಷ ಹೆಚ್ಚಾಗಿ ನಿಲ್ಲುವುದೂ, ಅದರ ಫಲವಾಗಿ ನಮ್ಮ ಎಲೆಗೆ ಹೋಳಿಗೆಯೊಂದು ಅಧಿಕವಾಗಿ ಬೀಳುವುದೂ ಬಹುಕಾಲದಿಂದ ನಡೆದುಬಂದಿದೆ. ಈ ಖ್ಯಾತಿಯ ದೆಸೆಯಿಂದಲೇ ಕಳೆದ ಬೇಸಗೆಯಲ್ಲಿ ನಮಗೊಂದು ಕೆಲಸ ಗಂಟುಬಿದ್ದಿತು. ಆ ಕೆಲಸದ ದೆಸೆಯಿಂದಲೇ ಆ ಖ್ಯಾತಿಯ ಮೇಲೆ ನಮಗಿದ್ದ ವಿಶ್ವಾಸ ಮುಕ್ಕಾಲು ಪಾಲು ಕರಗಿಹೋಯಿತು. ಅದರ ವೃತ್ತಾಂತವನ್ನು ಮಕ್ಕಳೊಂದಿಗರಾದ ವಾಚಕರ ಮುಂದೆ ಇಡುವುದರಲ್ಲಿ ತಪ್ಪಿಲ್ಲವೆಂದು ಭಾವಿಸಿದ್ದೇವೆ.

ನಮ್ಮ ಅಳಿಯಂದಿರ ಸ್ನೇಹಿತರೊಬ್ಬರು ಬೆಂಗಳೂರಿನಲ್ಲಿ ಸಣ್ಣದೊಂದು ಚಿತ್ರಶಾಲೆಯನ್ನು ನಡೆಸುತ್ತಿದ್ದಾರೆ. ಬರೆದ ಚಿತ್ರಗಳು ತಾವೇ ನಡೆದಾಡಿ, ಮಾತನಾಡಿ, ಬಿದ್ದು, ಎದ್ದು ಮಕ್ಕಳನ್ನು ರಂಜಿಸುವಂಥ, ಮನೆಮಂದಿಯೆಲ್ಲ ಕಾರ್ಟೂನು ಎಂದು ಕರೆಯುವ ಕಿರುಚಿತ್ರಗಳನ್ನು ಸಿದ್ಧಪಡಿಸುವುದು ಅವರ ಉದ್ಯೋಗ. ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದವರು ನಮ್ಮ ಪಂಕ್ತಿಹಾಸ್ಯವನ್ನು ಮನಸಾರೆ ಸವಿದು, ಕೈತೊಳೆದು ಬಂದಮೇಲೆ ಹೀಗೆಂದರು:

"ಏಳು ನಿಮಿಷದ ಕಥೆ ಸಾಕು, ಸಾರ್. ಮಕ್ಕಳು ನಗಬೇಕು, ಪಕ್ಕದಲ್ಲಿ ಕೂತ ಅಪ್ಪ ಅಮ್ಮನೂ ನಗಬೇಕು. ದೊಡ್ಡವರ ಹಾಸ್ಯ ನಿಮಗೆ ಒಲಿದಿದೆ. ಅದನ್ನೇ ಮಕ್ಕಳಿಗೆ ಒಗ್ಗುವ ಹಾಗೆ ಬರೆದುಕೊಟ್ಟರೆ ಆಯಿತು."

ಏಳು ನಿಮಿಷವೆಂದರೆ ಎಷ್ಟರ ಮಾತು ಎಂದು ನಾವು ಎಲೆಯಡಿಕೆಯ ತಟ್ಟೆಗೆ ಕೈಹಾಕಿದೆವು. ಆ ತರುಣರಾದರೋ ಕಾಗದವೊಂದನ್ನು ತೆಗೆದು ಲೆಕ್ಕ ಹಾಕಿ ತೋರಿಸಿದರು. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಏಳು ನಿಮಿಷಕ್ಕೆ 10,080 ಆಯಿತು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿ ಮಿತವ್ಯಯ ಮಾಡಿದರೂ 5,040 ಚಿತ್ರ. ಮೊದಲು ಮಾತುಗಳನ್ನು ಧ್ವನಿಮುದ್ರಿಸಿಕೊಂಡು, ಆ ಮಾತಿನ ಏರಿಳಿತಕ್ಕೆ ತಕ್ಕಂತೆ ಬಾಯಿ, ಕಣ್ಣು, ಬಾಲಗಳನ್ನು ಬರೆಯುವುದು ಇಂಥ ಚಿತ್ರಗಳಲ್ಲಿ ಸಾಮಾನ್ಯವಾದ ಕ್ರಮ. "ಯಾರೂ ನಗದ ಹಾಸ್ಯಕ್ಕೂ ಅಷ್ಟೇ ಚಿತ್ರ ಬೇಕು, ಸಾರ್" ಎಂದು ಅವರು ನಯವಾಗಿಯೇ ಹೇಳಿದರು. ಆ ಮಾತಿನ ಭಾರ ಆಗ ನಮಗೆ ತಿಳಿಯಲಿಲ್ಲ. ಒಪ್ಪಿಕೊಂಡೆವು.

ಒಪ್ಪಿಕೊಂಡಮೇಲೆ ವಿಷಯವನ್ನು ಅಭ್ಯಾಸ ಮಾಡದಿರುವುದು ಹೇಗೆ? ನಾವು ನಲವತ್ತು ವರ್ಷ ಪಾಠ ಹೇಳಿದವರು. ಆದುದರಿಂದ ಪ್ರತಿದಿನ ಸಂಜೆ ಮೊಮ್ಮಕ್ಕಳ ನಡುವೆ ಟೀವಿಯ ಮುಂದೆ ಆಸನವನ್ನು ಭದ್ರಪಡಿಸಿಕೊಂಡೆವು. ಮೊಮ್ಮಗಳಿಗೆ ಎಂಟು ವರ್ಷ, ಮೂರನೆಯ ತರಗತಿ, ಮೊಮ್ಮಗನಿಗೆ ನಾಲ್ಕು. ನಮ್ಮ ಮನೆಯವರು ಎರಡು ದಿನ ನೋಡಿ, ಮೂರನೆಯ ದಿನ, "ಅರವತ್ತಕ್ಕೆ ಅರಳು ಮರಳು ಅಂತ ಕೇಳಿದ್ದೆ. ನಿಮಗೆ ಅರವತ್ತೆಂಟಕ್ಕೆ ಬಂತು, ಎಂಟು ವರ್ಷ ತಡ" ಎಂದು ಹೇಳಿ ಒಳಗೆ ಹೋದರು.

ನಮ್ಮ ಅಭ್ಯಾಸ ಹಳೆಯ ಅಮೆರಿಕದ ಚಿತ್ರಗಳಿಂದ ಆರಂಭವಾಯಿತು. ವಾರ್ನರ್ ಸಂಸ್ಥೆಯವರಿಗಾಗಿ ಚಕ್ ಜೋನ್ಸ್ ಎಂಬವರು ನಿರ್ದೇಶಿಸಿ 1950ರಲ್ಲಿ ಬಿಡುಗಡೆಯಾದ 'ರ‍್ಯಾಬಿಟ್ ಆಫ್ ಸೆವಿಲ್' ಎಂಬುದೊಂದಿದೆ. ಬೇಟೆಗಾರನೊಬ್ಬನು ಮೊಲವನ್ನು ಅಟ್ಟಿಸಿಕೊಂಡು ಬಂದು ಒಂದು ರಂಗಮಂದಿರಕ್ಕೆ ನುಗ್ಗುತ್ತಾನೆ; ತೆರೆ ಏಳುತ್ತದೆ; ವಾದ್ಯಗಾರರು ರೊಸ್ಸೀನಿಯ 'ದಿ ಬಾರ್ಬರ್ ಆಫ್ ಸೆವಿಲ್' ಎಂಬ ಗೀತನಾಟಕದ ಪೂರ್ವರಂಗದ ಸಂಗೀತವನ್ನು ಬಾರಿಸತೊಡಗುತ್ತಾರೆ; ಒಡನೆಯೇ ಮೊಲ ಕ್ಷೌರಿಕನಾಗುತ್ತದೆ. ಬೇಟೆಗಾರನ ಬೋಳುತಲೆಯ ಮೇಲೆ ಕೈಯಿಂದಲೂ ಕಾಲಿನಿಂದಲೂ ತಾಳಬದ್ಧವಾಗಿ ತಿಕ್ಕುವುದೇನು, ಅದರ ಮೇಲೆ ಹಣ್ಣುಗಳನ್ನು ಹರಡುವುದೇನು, ಕಡೆಗೆ ಗೊಬ್ಬರ ಹಾಕಿ ಹೂ ಬೆಳೆಸುವುದೇನು! ನಮ್ಮ ಕಂಪೆನಿ ನಾಟಕದ ಹಾರ್ಮೋನಿಯಂ ನಾಂದೀಪದ್ಯವನ್ನು ನುಡಿಸುತ್ತಿರುವಾಗ ವಿದೂಷಕ ರಾಜನ ಕಿರೀಟ ಕಳಚಿ ಎಣ್ಣೆ ಒತ್ತಿದಂತೆ. ಮೊಮ್ಮಗ ನಕ್ಕು ನೆಲಕ್ಕೆ ಉರುಳಿದನು. ನಾವೂ ಕಣ್ಣೊರಸಿಕೊಂಡೆವು.

ಆಗ ಮೊಮ್ಮಗಳು ನಮ್ಮ ಕಡೆ ತಿರುಗಿ, "ಅಜ್ಜ, ನೀವು ಯಾಕೆ ನಕ್ಕಿದ್ದು?" ಎಂದು ಕೇಳಿದಳು.

ನಾವು ನಕ್ಕದ್ದು ಘನವಾದ ಸಂಗೀತಕ್ಕೆ ಒದಗಿದ ಗತಿಗಾಗಿ. ರೊಸ್ಸೀನಿಯ ಹೆಸರನ್ನು ಎಂಟು ವರ್ಷದ ಹುಡುಗಿಗೆ ಹೇಳಿ ಫಲವೇನು? "ನೀನು ನಕ್ಕೆಯಲ್ಲ, ಅದಕ್ಕೆ" ಎಂದೆವು. ಅವಳು ಒಂದು ಗಳಿಗೆ ನಮ್ಮ ಮುಖವನ್ನೇ ನೋಡಿ ಮತ್ತೆ ತೆರೆಯ ಕಡೆ ತಿರುಗಿಕೊಂಡಳು. ನಂಬಿದಂತೆ ಕಾಣಲಿಲ್ಲ.

ಈ ಹಳೆಯ ಚಿತ್ರಗಳನ್ನು ಮಾಡಿದ್ದೇ ಮಕ್ಕಳಿಗಾಗಿ ಅಲ್ಲವೆಂಬುದು ಆಮೇಲೆ ತಿಳಿಯಿತು. ಚಿತ್ರಮಂದಿರಗಳಲ್ಲಿ ಮುಖ್ಯಚಿತ್ರಕ್ಕೆ ಮೊದಲು, ಎಲ್ಲ ವಯಸ್ಸಿನವರೂ ಕುಳಿತ ಸಭೆಗೆ ಅವುಗಳನ್ನು ತೋರಿಸುತ್ತಿದ್ದರು. ಅವು ಮಕ್ಕಳ ಪಾಲಿಗೆ ಬಂದದ್ದು ಬಹುಮಟ್ಟಿಗೆ ಟೀವಿ ಬಂದಮೇಲೆ. ಇವನ್ನು ಮಕ್ಕಳಿಗಾಗಿಯೂ ಮಾಡಲಿಲ್ಲ, ದೊಡ್ಡವರಿಗಾಗಿಯೂ ಮಾಡಲಿಲ್ಲ, ನಮಗಾಗಿ ಮಾಡಿಕೊಂಡೆವು ಎಂಬ ಅರ್ಥದ ಮಾತನ್ನು ಚಕ್ ಜೋನ್ಸರೇ ಆಡಿದ್ದಾರೆ. 1960ರಲ್ಲಿ ಆರಂಭವಾದ 'ದಿ ಫ್ಲಿಂಟ್‌ಸ್ಟೋನ್ಸ್' ಎಂಬ ಶಿಲಾಯುಗದ ಸಂಸಾರದ ಕಥೆಯಂತೂ ದೊಡ್ಡವರು ಊಟ ಮುಗಿಸಿ ಕೂರುವ ಹೊತ್ತಿಗೆಂದೇ ಹುಟ್ಟಿದ್ದು. ಅದರ ಪಾತ್ರಗಳು ಮೊದಮೊದಲು ಸಿಗರೇಟಿನ ಜಾಹೀರಾತಿನಲ್ಲಿ ತಾವೇ ಸೇದಿ ತೋರಿಸಿದ್ದೂ ಉಂಟು. ಈಗಿನ ತಾಯಂದಿರು ಅದನ್ನು ಕಂಡರೆ ಟೀವಿಯನ್ನು ಹೊರಗೆ ಎಸೆದಾರು.

ಎಲ್ಲಕ್ಕಿಂತ ನಮ್ಮನ್ನು ಮೋಹಗೊಳಿಸಿದ್ದು 1959ರಿಂದ 1964ರವರೆಗೆ ನಡೆದ, ಅಳಿಲು ಮತ್ತು ಮೂಸ್ ಎಂಬ ದೊಡ್ಡ ಕೊಂಬಿನ ಜಿಂಕೆಯ ಕಥಾಮಾಲೆ. ಜೇ ವಾರ್ಡ್ ಎಂಬವರ ಬಳಗದ್ದು. ಅದರ ಖಳನ ಹೆಸರು ಬೋರಿಸ್ ಬ್ಯಾಡನಾಫ್: ಕೆಟ್ಟದ್ದು ಸಾಕಷ್ಟಿದೆ ಎಂಬರ್ಥದ ಇಂಗ್ಲಿಷ್ ಮಾತೂ ಆಯಿತು, ಬೋರಿಸ್ ಗೊಡುನೊಫ್ ಎಂಬ ರಷ್ಯದ ದೊರೆಯ ಹೆಸರಿನ ಅಣಕವೂ ಆಯಿತು. ಒಂದು ಕಥೆಯಲ್ಲಿ ಆ ಮೂಸಿಗೆ ಮಾಣಿಕ್ಯ ಕೂಡಿಸಿದ ಆಟದ ದೋಣಿಯೊಂದು ಸಿಕ್ಕುತ್ತದೆ. ದೋಣಿಯ ಮೇಲೆ ಒಡೆಯನ ಹೆಸರು ಉಮರ್ ಖಯ್ಯಾಮ್. ಮಾಣಿಕ್ಯಕ್ಕೆ ಇಂಗ್ಲಿಷಿನಲ್ಲಿ ರೂಬಿ, ವಿಹಾರದ ದೋಣಿಗೆ ಯಾಟ್. ಎರಡನ್ನೂ ಕೂಡಿಸಿ ಬೇಗ ಹೇಳಿದರೆ ರುಬಾಯತ್! ಡಿ. ವಿ. ಗುಂಡಪ್ಪನವರು 'ಉಮರನ ಒಸಗೆ'ಯೆಂದು ಕನ್ನಡಕ್ಕೆ ತಂದ ಕಾವ್ಯದ ಹೆಸರು ಮಕ್ಕಳ ಚಿತ್ರದಲ್ಲಿ ಆಟದ ದೋಣಿಯಾಗಿ ತೇಲಿಬಂದುದನ್ನು ಕಂಡು ನಾವು ಕುರ್ಚಿಯಿಂದ ಎದ್ದೇ ಬಿಟ್ಟೆವು. ಮೊಮ್ಮಕ್ಕಳಿಗೆ ಕಳ್ಳರು ದೋಣಿಯ ಬೆನ್ನು ಹತ್ತಿದರೆಂಬುದೇ ಸಾಕಾಗಿತ್ತು.

ಇಲ್ಲಿ ನಾವು ತಪ್ಪು ದಾರಿ ಹಿಡಿದೆವು. ನಮಗೆ ರುಚಿಸಿದ್ದನ್ನು ಬರೆದರೆ ಸಾಕು, ಮಕ್ಕಳು ಹೇಗೂ ಹಿಂದೆ ಬರುತ್ತಾರೆಂದು ಬಗೆದೆವು. ಆ ಮೊಲವು ಒಂದು ಕ್ಷಣವಾದರೂ ಸುಮ್ಮನೆ ನಿಲ್ಲದೆ ಇರುವುದನ್ನೂ, ರೊಸ್ಸೀನಿಯನ್ನು ಅರಿಯದ ಮಗುವಿಗೆ ಬೋಳುತಲೆಯ ಮೇಲಿನ ಹಣ್ಣುಗಳಿಂದ ಪೂರ್ತಿ ಊಟ ಸಿಕ್ಕುವುದನ್ನೂ ಕಂಡರೂ ಕಾಣಲಿಲ್ಲ. ಒಂದು ಮಾತಿಗೆ ಎರಡು ಅರ್ಥವಿರುವುದನ್ನು ಹಿಡಿದು ಸವಿಯುವ ಶಕ್ತಿ ಸಾಮಾನ್ಯವಾಗಿ ಆರೇಳು ವರ್ಷದ ಮೇಲೆ ಬಲಗೊಳ್ಳುತ್ತದೆಂದು ಬಲ್ಲವರು ಬರೆದಿದ್ದಾರೆ. ಆಡಿದ್ದರ ವಿರುದ್ಧಾರ್ಥವನ್ನು ಗ್ರಹಿಸಬೇಕಾದ ವ್ಯಂಗ್ಯವೂ ಸಣ್ಣ ಮಕ್ಕಳಿಗೆ ಎಟಕುವುದಿಲ್ಲ. ಇದನ್ನು ಓದಿ, ಅಡಿಗೆರೆಯನ್ನೂ ಎಳೆದು, ಮರೆತೆವು.

ಹದಿನೈದು ದಿನದಲ್ಲಿ ಕಥೆ ಸಿದ್ಧವಾಯಿತು. ಕರಡಿಮರಿಯೊಂದಕ್ಕೆ ಅದರ ಸೋದರಮಾವ ಕೆಂಪುಬಣ್ಣದ ಆಟದ ಕಾರು ಕೊಡುತ್ತಾನೆ. ಕಾರು ಕಾಣೆಯಾಗುತ್ತದೆ. ಮರಿಯು ಕಾಡಿನ ಪೊಲೀಸು ಠಾಣೆಗೆ ಹೋಗಿ ಮೀಸೆಯ ಹುಲಿ ಇನ್‌ಸ್ಪೆಕ್ಟರಿಗೆ ದೂರು ಕೊಡುತ್ತದೆ. ನರಿ ವಕೀಲಿ ಮಾಡುತ್ತದೆ; ವಾಯಿದೆಯ ಮೇಲೆ ವಾಯಿದೆ ಪಡೆಯುತ್ತದೆ; ಕೋರ್ಟಿನಲ್ಲಿ ಕುಮಾರವ್ಯಾಸನ ಧಾಟಿಯಲ್ಲಿ ವಾದಿಸುತ್ತದೆ. ಸಿಂಹದ ಆಸ್ಥಾನದಲ್ಲಿ ಆಯವ್ಯಯದ ಚರ್ಚೆ. ನಾವು ಬರೆಯುತ್ತ ಬರೆಯುತ್ತ ಒಬ್ಬರೇ ನಕ್ಕದ್ದು ನೆರೆಮನೆಗೂ ಕೇಳಿಸಿತಂತೆ.

ಇನ್ನೊಂದು ಹಾಸ್ಯವನ್ನೂ ಸೇರಿಸಿದ್ದೆವು. ಅದನ್ನು ಹೇಳುವ ಮೊದಲು ನಮ್ಮ ಮೊಮ್ಮಗನ ಸಂಗತಿಯನ್ನು ತಿಳಿಸಬೇಕು. ಅವನಿಗೆ ಆಗ ರಕಾರ ಬರುತ್ತಿರಲಿಲ್ಲ. ಅದರ ಸ್ಥಾನದಲ್ಲಿ ಲಕಾರ. ಸಂಜೆ ಅವನ ತಂದೆಯ ಕಾರಿನ ಸದ್ದು ಕೇಳಿದೊಡನೆ, "ಅಪ್ಪನ ಕಾಲು ಬಂತು!" ಎಂದು ಕೂಗುತ್ತ ಬಾಗಿಲಿಗೆ ಓಡುವನು. "ಕಾಲು ಬಂತೆ? ಉಳಿದ ಅಂಗಗಳು ಯಾವಾಗ ಬರುತ್ತವೆ?" ಎಂದು ನಾವು ಕೇಳುವೆವು. ಊಟಕ್ಕೆ ಕುಳಿತಾಗ ಸಾರನ್ನು ಸಾಲು ಎನ್ನುವನು, "ಸಾಲು ಬೇಕೋ, ಸಾಲ ಬೇಕೋ?" ಎನ್ನುವೆವು. ಎಲ್ಲರೂ ನಗುವರು. ಅವನೂ ನಗುವನು. ಇಷ್ಟು ಸಿದ್ಧವಾದ ಸರಕು ಮನೆಯಲ್ಲಿಯೇ ಇರುವಾಗ ಬಿಡುವುದುಂಟೆ? ಕರಡಿಮರಿಗೂ ರಕಾರ ಬಾರದಂತೆ ಮಾಡಿದೆವು. ಮರಿ ಠಾಣೆಗೆ ಬಂದು ಅಳುತ್ತ, "ಸ್ವಾಮಿ, ನನ್ನ ಕಾಲು ಕಳುವಾಗಿದೆ" ಎನ್ನುತ್ತದೆ. ಹುಲಿ ಮೇಜಿನ ಕೆಳಗೆ ಬಗ್ಗಿ ಅದರ ಕಾಲುಗಳನ್ನು ಎಣಿಸುತ್ತದೆ.

ಒಂದು ಶನಿವಾರ ಮುಂಜಗಲಿಯಲ್ಲಿ ಓದುವ ಏರ್ಪಾಡಾಯಿತು. ನೆರೆಹೊರೆಯ ಏಳೆಂಟು ಮಕ್ಕಳು, ಅವರ ತಾಯಂದಿರು ನಾಲ್ವರು, ನಮ್ಮ ಮನೆಯವರು. ನರಿಯ ವಾಯಿದೆಗೆ ತಾಯಂದಿರು ಬಿದ್ದು ಬಿದ್ದು ನಕ್ಕರು. ಮಕ್ಕಳು ತಾಯಂದಿರ ಮುಖವನ್ನು ನೋಡುತ್ತ ಕುಳಿತರು. ಕುಮಾರವ್ಯಾಸನ ಧಾಟಿ ಬರುವ ಹೊತ್ತಿಗೆ ಒಬ್ಬ ಹುಡುಗನಿಗೆ ಬಾಯಾರಿಕೆಯಾಯಿತು. ಬಾಯಾರಿಕೆ ಸಾಂಕ್ರಾಮಿಕವೆಂಬುದು ನಮಗೆ ಅಂದು ತಿಳಿಯಿತು. ಐವರು ಅವನ ಹಿಂದೆಯೇ ಎದ್ದುಹೋದರು. ಕಾಲು ಕಳುವಾದ ಪ್ರಕರಣಕ್ಕೆ ಅವರೆಲ್ಲ ಮರಳಿ ಬಂದಿದ್ದರು. ಅಲ್ಲಿ ಮಾತ್ರ ಸಭೆಗೆ ಸಭೆಯೇ ನಕ್ಕಿತು, ಮಕ್ಕಳೂ ತಾಯಂದಿರೂ ಒಂದೇ ಕೊರಳಿನಿಂದ. ಒಬ್ಬ ಹುಡುಗ ಮೊಮ್ಮಗನನ್ನು ತೋರಿಸಿ, "ಇವನ ಹಾಗೇ!" ಎಂದನು. ಮೊಮ್ಮಗ ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದವನು ಚಾಚಿದ್ದ ಕಾಲುಗಳನ್ನು ಒಳಗೆಳೆದುಕೊಂಡು, ಎಲ್ಲರೂ ನಕ್ಕಮೇಲೆ ಒಂದಿಷ್ಟು ತಡವಾಗಿ ನಕ್ಕನು. ಚಿತ್ರಶಾಲೆಯವರು ಬಯಸಿದ ಹಾಸ್ಯ ಇದೇ, ಎರಡು ವಯಸ್ಸಿಗೂ ಒಂದೇ ನಗೆ, ಎಂದು ನಾವು ಆ ಪುಟದ ಅಂಚಿಗೆ ಗುರುತು ಹಾಕಿಕೊಂಡೆವು.

ರಾತ್ರಿ ಮೊಮ್ಮಗಳನ್ನು ಕರೆದು ಕಥೆ ಹೇಗಿತ್ತೆಂದು ವಿಚಾರಿಸಿದೆವು. ಅವಳು ಸ್ವಲ್ಪ ಹೊತ್ತು ಜಡೆಯ ತುದಿಯನ್ನು ತಿರುವುತ್ತ ನಿಂತು, "ನಿಮ್ಮ ಕಥೆಯಲ್ಲಿ ದೊಡ್ಡವರು ದೊಡ್ಡವರ ಹತ್ತಿರವೇ ಮಾತಾಡಿಕೊಳ್ತಾರೆ, ಅಜ್ಜ. ನಾವು ಬಾಗಿಲ ಹೊರಗೆ ನಿಂತ ಹಾಗಾಗುತ್ತದೆ" ಎಂದಳು.

ನೋಯಲಿಲ್ಲವೆಂದರೆ ಸುಳ್ಳಾದೀತು. ಆದರೆ ನರಿಯನ್ನು ತೆಗೆದರಾಯಿತು, ಸಿಂಹವನ್ನು ಕುಗ್ಗಿಸಿದರಾಯಿತು, ಕರಡಿಯ ಕಾಲಂತೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಮಲಗಿದೆವು.

ಐದಾರು ದಿನ ಕಳೆದಿರಬೇಕು. ಊಟ ಬಡಿಸುತ್ತಿದ್ದ ನಮ್ಮ ಮನೆಯವರು, ಮಕ್ಕಳು ಕೈತೊಳೆಯಲು ಹೋದ ಸಮಯ ನೋಡಿ, "ಮಗು ಕಾರು ಅನ್ನುವುದನ್ನು ಬಿಟ್ಟಿದೆ, ಗಮನಿಸಿದಿರಾ?" ಎಂದು ಮೆಲ್ಲಗೆ ಕೇಳಿದರು.

ನಾವು ಗಮನಿಸಿರಲಿಲ್ಲ. ಆಮೇಲೆ ಕಿವಿಗೊಟ್ಟು ಕೇಳಿದೆವು. ಸಂಜೆ ಕಾರಿನ ಸದ್ದಾದಾಗ ಅವನು, "ಗಾಡಿ ಬಂತು" ಎಂದು ಹೇಳಿ, ಕುಳಿತಲ್ಲಿಯೇ ಇದ್ದನು. ಸಾರು ಬೇಕಾದಾಗ ಬೆರಳಿನಿಂದ ತೋರಿಸಿ, "ಅದು" ಎಂದನು. ಮೊಸರಿಗೆ, "ಅಜ್ಜೀ, ತಂಪು ಹಾಕು" ಎಂದನು. ನಾಲ್ಕು ವರ್ಷದ ಕೂಸು ತನಗೆ ಗೊತ್ತಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಸೋಸಿ, ರಕಾರವಿದ್ದವನ್ನು ಬದಿಗಿಟ್ಟು, ಇಲ್ಲದವನ್ನು ಮಾತ್ರ ಬಳಸುತ್ತಿತ್ತು. ಪಂಡಿತರು ಚಿತ್ರಕಾವ್ಯದಲ್ಲಿ ಮಾಡುವ ಸಾಹಸ ಅದು. ನಮ್ಮ ತುತ್ತು ಗಂಟಲಲ್ಲಿಯೇ ನಿಂತಿತು.

ಮಗುವಿಗೆ ತನ್ನ ತೊದಲು ತಿಳಿಯುವುದಿಲ್ಲ, ಆದುದರಿಂದ ಅದನ್ನು ನಕ್ಕರೆ ನೋವೂ ಇಲ್ಲ ಎಂಬುದು ದೊಡ್ಡವರ ಒಂದು ಅನುಕೂಲಶಾಸ್ತ್ರ. ಜೀನ್ ಬರ್ಕೊ, ರೋಜರ್ ಬ್ರೌನ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಒಂದು ಸಣ್ಣ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಒಂದು ಮಗು ತನ್ನ ಆಟದ ಮೀನನ್ನು ಫಿಶ್ ಎನ್ನಲಾರದೆ ಫಿಸ್ ಎನ್ನುತ್ತಿತ್ತು. ದೊಡ್ಡವರು ಅದನ್ನೇ ಅನುಕರಿಸಿ, ಇದು ನಿನ್ನ ಫಿಸ್ಸೇ ಎಂದು ಕೇಳಿದರೆ ಅಲ್ಲವೆಂದು ಹಟ ಹಿಡಿಯಿತು. ಫಿಶ್ಶೇ ಎಂದು ಕೇಳಿದಾಗ ಮಾತ್ರ ಹೌದು, ನನ್ನ ಫಿಸ್ ಎಂದು ಒಪ್ಪಿತು. ಕಿವಿಗೆ ಎರಡರ ಭೇದವೂ ತಿಳಿದಿತ್ತು. ನಾಲಿಗೆ ಮಾತ್ರ ಇನ್ನೂ ಪಳಗಿರಲಿಲ್ಲ. ನಮ್ಮ ಮೊಮ್ಮಗನೂ ಜಗಲಿಯ ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಕೇಳಿದ್ದನು. ತಡವಾಗಿ ನಕ್ಕದ್ದು ಏಕೆಂಬುದು ಈಗ ನಮಗೆ ಅರ್ಥವಾಯಿತು.

ಆ ವಾರ ನಾವು ಕಥೆಯ ಕಾಗದಗಳನ್ನು ಮುಟ್ಟಲಿಲ್ಲ. ಮಕ್ಕಳ ಜೊತೆಯಲ್ಲಿ ಟೀವಿಯ ಮುಂದೆ ಕೂರುವುದನ್ನು ಮಾತ್ರ ಬಿಡಲಿಲ್ಲ. ಅವರು ಹಚ್ಚಿದ್ದು 'ಬ್ಲೂಯಿ' ಎಂಬ ಮಾಲೆ. ಜೋ ಬ್ರಮ್ ಎಂಬವರ ಸೃಷ್ಟಿ. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ತಯಾರಾಗಿ 2018ರಲ್ಲಿ ತೆರೆಕಂಡದ್ದು. ಒಂದೊಂದು ಕಥೆ ಹೆಚ್ಚುಕಡಿಮೆ ಏಳೇ ನಿಮಿಷ. ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳಿರುವ ಒಂದು ನಾಯಿಯ ಸಂಸಾರ. ಅಂದಿನ ಕಥೆಯಲ್ಲಿ ತಂದೆಯು ಇಬ್ಬರು ಮಕ್ಕಳೊಡನೆ ಹೋಟೆಲಿನಿಂದ ಊಟ ಕಟ್ಟಿಸಿಕೊಳ್ಳಲು ಹೋಗಿದ್ದಾನೆ. ಒಂದು ತಿನಿಸು ಬಿಟ್ಟುಹೋಗಿದೆ. ಐದು ನಿಮಿಷ ಕಾಯಬೇಕು. ಐದೇ ನಿಮಿಷ! ಅಷ್ಟರಲ್ಲಿ ಒಬ್ಬಳು ಅಂಗಳದ ನಲ್ಲಿಯನ್ನು ತಿರುಗಿಸುತ್ತಾಳೆ. ಚಿಕ್ಕವಳಿಗೆ ಸರಿಯಾಗಿ ಆಗಲೇ ಒಂದಕ್ಕೆ ಅವಸರವಾಗುತ್ತದೆ. ಊಟದ ಪೊಟ್ಟಣಗಳು ದಿಕ್ಕಾಪಾಲಾಗುತ್ತವೆ. ಕಡೆಗೆ ತಂದೆ, ಯೌವನ ಮರಳಿ ಬಾರದೆಂಬ ಅರ್ಥದ ಚೀಟಿಯೊಂದನ್ನು ಬಿಸ್ಕತ್ತಿನೊಳಗಿನಿಂದ ತೆಗೆದು ಓದಿ, ತಾನೂ ನೀರಾಟಕ್ಕೆ ಇಳಿದುಬಿಡುತ್ತಾನೆ.

ಮಕ್ಕಳು ನೀರನ್ನು ಕಂಡು ನಕ್ಕರು. ನಮ್ಮ ಮಗಳು, ಕಚೇರಿಯಿಂದ ಆಗತಾನೆ ಬಂದವಳು, ಚೀಲವನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ನಿಂತು ನಕ್ಕಳು. ಆ ತಂದೆಯ ಪಾಡು ಅವಳ ನಿತ್ಯದ ಪಾಡು. ನಾವು ಈ ಸಲ ನಗುವ ಬದಲು, ಪೆಟ್ಟು ಯಾರಿಗೆ ಬಿದ್ದಿತೆಂದು ನೋಡಿದೆವು. ಬಿದ್ದದ್ದೆಲ್ಲ ತಂದೆಗೆ. ಮುಂದಿನ ಕಥೆಯಲ್ಲಿಯೂ, ಅದರ ಮುಂದಿನದರಲ್ಲಿಯೂ ಹಾಗೆಯೇ. ದೊಡ್ಡವರ ನಗೆಗೆ ಅಲ್ಲಿ ದೊಡ್ಡವರೇ ಸುಂಕ ತೆರುತ್ತಿದ್ದರು. ಹಳೆಯ ಚಿತ್ರಗಳನ್ನು ನೆನ��ದುಕೊಂಡೆವು: ಅಲ್ಲಿಯೂ ಬೋಳುತಲೆ ಬೇಟೆಗಾರನದೇ ಹೊರತು ಮಗುವಿನದಲ್ಲ. 2001ರ 'ಶ್ರೆಕ್' ಚಿತ್ರದಲ್ಲಿ ಕುಳ್ಳ ದೊರೆಯ ಮುಗಿಲೆತ್ತರದ ಕೋಟೆಯನ್ನು ಕಂಡು ಆಡುವ ಮಾತಿನಲ್ಲಿ ದೊಡ್ಡವರಿಗೆ ಬೇರೊಂದು ಅರ್ಥ ಹೊಳೆಯುತ್ತದೆ. ಅದು ಪೂರ್ತಿ ಸಭ್ಯವೆಂದು ನಾವು ಹೇಳಲಾರೆವು. ಆದರೂ ಮಗುವಿಗೆ ಕುಳ್ಳನೂ ಎತ್ತರದ ಕೋಟೆಯೂ ಸಾಕು, ಅದರ ಪಾಲಿನ ನಗೆ ಅರೆಪಾಲಲ್ಲ.

ಇನ್ನೂ ಹಿಂದಿನದೊಂದು ನೆನಪು ಬಂದಿತು. ಮಲೆನಾಡಿನ ನಮ್ಮೂರಿನ ಗದ್ದೆಬಯಲಿಗೆ ಯಕ್ಷಗಾನದ ಮೇಳ ಬಂದಾಗ ನಾವು ಮಕ್ಕಳೆಲ್ಲ ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಮಲಗಿಬಿಡುತ್ತಿದ್ದೆವು. ಕರ್ಣಾರ್ಜುನರ ವಾದ ನಮಗೆ ಜೋಗುಳ. ಹಾಸ್ಯಗಾರ ದೂತನಾಗಿಯೋ ದ್ವಾರಪಾಲಕನಾಗಿಯೋ ರಂಗಕ್ಕೆ ಬಂದಾಗ ಯಾರಾದರೊಬ್ಬರು ತಿವಿದು ಎಬ್ಬಿಸುವರು. ಅವನು ಮೊದಲು ತನ್ನ ಕಾಲಿಗೆ ತಾನೇ ಎಡವಿ ಬೀಳುವನು. ನಾವು ನಗುವೆವು. ಬಿದ್ದಲ್ಲಿಂದಲೇ ರಾಜನಿಗೆ ಒಂದು ಮಾತು ಹೇಳುವನು. ಹಿಂದೆ ಕುಳಿತ ಹಿರಿಯರು ನಗುವರು, ಕೆಲವರು ಪಟೇಲರ ಕಡೆಗೆ ಓರೆಗಣ್ಣಿನಿಂದ ನೋಡುವರು. ಅವನು ನಮ್ಮಲ್ಲಿ ಯಾವ ಮಗುವನ್ನೂ ತೋರಿಸಿ ನಗಿಸಿದ್ದು ನಮಗೆ ನೆನಪಿಲ್ಲ. ಅರುವತ್ತು ವರ್ಷ ಹಿಂದೆ ಕಂಬಳಿಯೊಳಗಿಂದ ಕಂಡದ್ದನ್ನು ನಾವು ಹೋಳಿಗೆಯ ಆಸೆಗೆ ಮರೆತಿದ್ದೆವು.

ಮಾರನೆಯ ದಿನ ಕಾಗದಗಳನ್ನು ತೆಗೆದು, ಕರಡಿಮರಿಯ ತೊದಲನ್ನು ಹೊಡೆದುಹಾಕಲು ಕುಳಿತೆವು. ಹೊಡೆದುಹಾಕಿದರೆ ಠಾಣೆಯ ದೃಶ್ಯವೇ ಸಪ್ಪೆ. ಮೊಮ್ಮಗಳು ನಮ್ಮ ಹೆಗಲ ಮೇಲಿಂದ ಇಣುಕಿ ನೋಡಿ, ಹೆಚ್ಚಿನ ಯೋಚನೆ ಇಲ್ಲದೆ, "ಅದನ್ನು ಹುಲಿಗೆ ಕೊಡಿ, ಅಜ್ಜ" ಎಂದಳು.

ಹುಲಿಗೆ ಕೊಟ್ಟೆವು. ಒಡನೆಯೇ ಕಥೆ ತಾನಾಗಿ ನಡೆಯತೊಡಗಿತು. ಮರಿಯು ಸ್ಪಷ್ಟವಾಗಿ, "ಸ್ವಾಮಿ, ನನ್ನ ಕಾರು ಕಳುವಾಗಿದೆ" ಎನ್ನುತ್ತದೆ. ಹುಲಿ ಮೀಸೆ ತಿರುವಿ, "ನಿನ್ನ ಕಾಲು ಯಾವ ಬಣ್ಣದ್ದು?" ಎನ್ನುತ್ತದೆ. ಮರಿ ಬಗ್ಗಿ ನೋಡಿಕೊಂಡು, "ಕಪ್ಪು, ಸ್ವಾಮಿ."

"ಎಲ್ಲಿ ನಿಲ್ಲಿಸಿದ್ದೆ?"

"ನೆಲದ ಮೇಲೆ, ಸ್ವಾಮಿ."

"ಬೀಗ ಹಾಕಿದ್ದೆಯಾ?"

ಮರಿ ಕಾಲನ್ನೆತ್ತಿ ಬೀಗ ಹಾಕುವ ಜಾಗವನ್ನು ಹುಡುಕುತ್ತದೆ. ಹುಲಿ ಪೇದೆಯಾದ ಕತ್ತೆಯ ಕಡೆ ತಿರುಗಿ, "ಬಲೆ! ಬಲೆ!" ಎಂದು ಗರ್ಜಿಸುತ್ತದೆ, ಕತ್ತೆ ಓಡಿಹೋಗಿ ಬಲೆಯನ್ನು ತಂದು ನಿಲ್ಲುತ್ತದೆ. ಕಡೆಗೆ ದಾಖಲೆ ಪುಸ್ತಕದಲ್ಲಿ, ಕಾಲು ಕಳುವು, ಎಂದು ನಮೂದಾಗುತ್ತದೆ. ಕತ್ತೆ ಮರಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, "ನಾಲ್ಕೂ ಇವೆಯಲ್ಲ, ಸ್ವಾಮಿ" ಎನ್ನುತ್ತದೆ.

"ಹಾಗಾದಲೆ ಐದನೆಯದು ಕಳುವಾಗಿದೆ, ಬಲೆ!"

ದಾಖಲೆಯಲ್ಲಿ ಬರೆದಾಯಿತೆಂದಮೇಲೆ ತಿದ್ದುವ ಅಧಿಕಾರ ಯಾರಿಗುಂಟು? ಐದನೆಯ ಕಾಲು ಹುಟ್ಟಿನಿಂದಲೇ ಇತ್ತೆಂಬುದಕ್ಕೆ ಮರಿ ವೈದ್ಯರ ಪತ್ರ ತರಬೇಕು, ಪತ್ರಕ್ಕೆ ಮೂರು ಮೊಹರು ಬೀಳಬೇಕು. ಅಷ್ಟು ಹೊತ್ತೂ ಕೆಂಪು ಕಾರು ಠಾಣೆಯ ಕಿಟಕಿಯಾಚೆ ನಿಂತೇ ಇರುತ್ತದೆ. ನಮ್ಮ ನರಿಯ ವಾಯಿದೆಗಳಿಗೆ ಮಿಸುಕದ ಮಕ್ಕಳು ಈ ಐದನೆಯ ಕಾಲಿಗೆ ನಕ್ಕಾರೆಂದು ನಂಬಿಕೆ ಹುಟ್ಟಿತು. ಕಂದಾಯ ಕಟ್ಟಲು ಸಾಲಿನಲ್ಲಿ ನಿಂತು ಬಂದ ಅವರ ತಂದೆಯರು ಬೇರೆಯ ಕಾರಣಕ್ಕೆ ನಕ್ಕಾರು.

ಆದರೂ ಭಯ ಬಿಡಲಿಲ್ಲ. ತೊದಲು ಯಾರ ಬಾಯಿಗೆ ಹೋದರೂ ತೊದಲೇ ಅಲ್ಲವೆ? ಆದುದರಿಂದ ಜಗಲಿಯ ಸಭೆಯನ್ನು ಕರೆಯದೆ, ಒಂದು ಮಧ್ಯಾಹ್ನ ಮೊಮ್ಮಗನೊಬ್ಬನನ್ನೇ ಕೋಣೆಗೆ ಕರೆದು, ಬಾಗಿಲು ಮುಂದೂಡಿ, ಓದಿದೆವು. ಅವನು ಮಂಚದ ಅಂಚಿನಲ್ಲಿ ಕುಳಿತು ನಮ್ಮನ್ನು ಅನುಮಾನದಿಂದಲೇ ನೋಡುತ್ತಿದ್ದನು. ಕರಡಿಮರಿ ಬಾಯಿ ತೆರೆದಾಗ ಅವನ ಕಾಲುಗಳು ಮಂಚದ ಮೇಲಕ್ಕೆ ಸೇರಿದವು. ಮರಿ ಸರಿಯಾಗಿಯೇ ಮಾತನಾಡಿತು. ಹುಲಿ ತನ್ನ ಮೊದಲನೆಯ ಪ್ರಶ್ನೆಯನ್ನು ಕೇಳಿತು. ಅವನು ಹುಬ್ಬು ಗಂಟಿಕ್ಕಿದನು. ಬೀಗದ ಮಾತಿಗೆ ಕಿಸಕ್ಕೆಂದನು. ಕತ್ತೆ ಬಲೆ ತಂದಾಗ ತಡೆಯಲಾರದೆ ಮಂಚದ ಮೇಲೆ ಎದ್ದುನಿಂತು, ಬೆರಳನ್ನು ನೇರವಾಗಿ ನಮ್ಮ ಮೂಗಿಗೆ ಚಾಚಿ, ಹುಲಿಗೆ ಬುದ್ಧಿ ಹೇಳಿದನು:

"ಕಾಲು ಅಲ್ಲ, ಕಾಲು!"

ನಾವು ನಗಲಿಲ್ಲ. ನಗದಿರುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಅರುವತ್ತೆಂಟು ವರ್ಷದಲ್ಲಿ ಅಂದೇ ಮೊದಲು ತಿಳಿದೆವು. "ಹೌದಪ್ಪ, ಈ ಹುಲಿಗೆ ಎಷ್ಟು ಹೇಳಿದರೂ ಬರುವುದಿಲ್ಲ" ಎಂದೆವು. ಅವನು ಬಹಳ ಮರುಕದಿಂದ, "ಪಾಪ" ಎಂದು ಹೇಳಿ, ಮತ್ತೊಮ್ಮೆ ಮೊದಲಿನಿಂದ ಓದಿಸಿದನು.

ಕಥೆಯನ್ನು ಚಿತ್ರಶಾಲೆಗೆ ಕಳುಹಿಸಿದ್ದಾಯಿತು. ಒರಟು ಗೆರೆಯ ಚಿತ್ರಗಳನ್ನು ಮಾತಿನೊಡನೆ ಜೋಡಿಸಿ ನೋಡುವ ಹಂತದಲ್ಲಿದೆ. ಹುಲಿಯ ಧ್ವನಿಗೆ ತಕ್ಕವರು ದೊರೆತಿದ್ದಾರಂತೆ. ನರಿಯನ್ನು ಪೂರ್ತಿಯಾಗಿ ಬಿಟ್ಟೆವು. ಕುಮಾರವ್ಯಾಸನ ಧಾಟಿಯಲ್ಲಿ ಅದು ಮಾಡಿದ ವಾದವನ್ನು ಮುಂದಿನ ಮದುವೆಮನೆಗೆಂದು ಎತ್ತಿಟ್ಟುಕೊಂಡಿದ್ದೇವೆ.

ಅಂದು ಸಂಜೆ ನಾವು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದೆವು. ಬೀದಿಯ ತಿರುವಿನಲ್ಲಿ ಕಾರಿನ ಸದ್ದಾಯಿತು. ಒಳಗಿನಿಂದ ಪುಟ್ಟ ಹೆಜ್ಜೆಗಳು ದಡದಡನೆ ಓಡಿಬಂದವು.

"ಅಪ್ಪನ ಕಾಲು ಬಂತು!"

ನಾವು ಪತ್ರಿಕೆಯನ್ನು ಮಡಿಸಿಟ್ಟು ಗೇಟು ತೆರೆಯಲು ಎದ್ದೆವು.